ಕೋಟೆ ಸುತ್ತಿನ ದೊಡ್ಡಮ್ಮ

ಮೊದಲು ಆ ಫ್ಲೆಕ್ಸಿನ ವಿಚಾರ ಹೇಳಿ ಮುಗಿಸಿಬಿಡುತ್ತೇನೆ. ಇಲ್ಲದಿದ್ದರೆ ನನ್ನ ಹೊಟ್ಟೆಯುರಿ ಆರುವುದಿಲ್ಲ, ಮುಂದಿನ ಮಾತು ನೆಟ್ಟಗೆ ಬರುವುದೂ ಇಲ್ಲ.

ದೊಡ್ಡಮ್ಮ ತೀರಿಕೊಂಡ ವಾರದೊಳಗೆ ನಮ್ಮ ನೇಕಾರರ ಬೀದಿಯ ಬಾಯಲ್ಲಿ, ಪಾಳುಬಿದ್ದ ಕೋಟೆಯ ಬಾಗಿಲಿಗೇ ಕಟ್ಟಿ, ಆಳೆತ್ತರದ ಫ್ಲೆಕ್ಸ್ ನಿಲ್ಲಿಸಿದರು. ರೇಷನ್ ಕಾರ್ಡಿನ ಹಳೆಯ ಫೋಟೋವನ್ನು ಮೆಟ್ಟುಪಾಳ್ಯಂನ ಯಾವುದೋ ಸ್ಟುಡಿಯೋದವನಿಗೆ ಕೊಟ್ಟು ದೊಡ್ಡದು ಮಾಡಿಸಿದ್ದರು. ಅವನು ಕಂಪ್ಯೂಟರಿನಲ್ಲಿ ಅವರ ತುಟಿಯನ್ನು ಎರಡೂ ಕಡೆ ಎಳೆದು ನಗಿಸಿದ್ದ, ಕೊರಳಿಗೆ ಕಾಸಿನ ಸರ ಹಾಕಿದ್ದ. ಬದುಕಿದ್ದಾಗ ಕೊರಳಲ್ಲಿ ಒಂದು ಮಣಿಯೂ ಇಲ್ಲದೆ ಓಡಾಡಿದ ಹೆಂಗಸಿಗೆ ಸತ್ತ ಮೇಲೆ ಚಿನ್ನ! ಕೆಳಗೆ ತಮಿಳಿನಲ್ಲಿ, ನಮ್ಮ ಸಂಪ್ರದಾಯವನ್ನು ಕಾಪಾಡಿದ ತಾಯಿ ಎಂದು ದಪ್ಪ ಅಕ್ಷರ. ಅದರ ಕೆಳಗೆ ಬೀದಿಯ ಕಮಿಟಿಯವರ ಫೋಟೋಗಳು, ಕೈಮುಗಿದವರು, ಕಪ್ಪು ಕನ್ನಡಕ ಹಾಕಿದವರು. ಇದೇ ಜನ ವರ್ಷಗಟ್ಟಲೆ ಆಕೆಯ ಮನೆಗೆ ಒಂದು ಬೆಂಕಿಕಡ್ಡಿಯನ್ನೂ ಕೊಟ್ಟಿರಲಿಲ್ಲ. ಆ ಹೊಸಿಲು ತುಳಿದವರನ್ನು ತಮ್ಮ ಮನೆಗೆ ಸೇರಿಸಿರಲಿಲ್ಲ. ಫ್ಲೆಕ್ಸಿಗೆ ಹಣ ಕೊಟ್ಟವರಲ್ಲಿ ಮೊದಲನೆಯವರು ಯಾರೆಂದು ಕೇಳಿದರೆ ನಿಮಗೂ ಮೈ ಉರಿಯುತ್ತದೆ. ಅದನ್ನು ಆಮೇಲೆ ಹೇಳುತ್ತೇನೆ.

ಅವರ ಹೆಸರನ್ನು ನಾನು ಬರೆಯುವುದಿಲ್ಲ. ಫ್ಲೆಕ್ಸಿನಲ್ಲಿ ಹಾಕಿ ಅದನ್ನು ಎಂಜಲು ಮಾಡಿದ್ದಾರೆ. ಬೀದಿಗೆಲ್ಲ ಅವರು ದೊಡ್ಡಮ್ಮ, ನನಗೂ ದೊಡ್ಡಮ್ಮ. ನನಗೆ ಅವರು ಸಂಬಂಧವಲ್ಲ, ಎದುರು ಮನೆಯವರು. ಗಂಡ ಬೇಗ ಹೋಗಿದ್ದರು, ಮಕ್ಕಳಿರಲಿಲ್ಲ. ಬೀದಿಯಲ್ಲೆಲ್ಲ ಪವರ್‌ಲೂಮ್ ಬಂದ ಮೇಲೂ ಕೈಮಗ್ಗದ ಗುಳಿಯಲ್ಲಿ ಕಾಲಿಟ್ಟು ಕೂತವರು ಅವರೊಬ್ಬರೇ. ಅದೇನು ಕಲೆಯ ಮೇಲಿನ ಪ್ರೀತಿಯೆಂದು ತಿಳಿಯಬೇಡಿ. ಒಮ್ಮೆ ಕೊಯಮತ್ತೂರಿನ ಆರ್.ಎಸ್. ಪುರಂನಿಂದ ಯಾರೋ ಸೀರೆ ಅಂಗಡಿಯ ಹುಡುಗಿ ಬಂದು, ನಿಮಗೆ ಕೈಮಗ್ಗ ಅಂದರೆ ಯಾಕಿಷ್ಟು ಪ್ರೀತಿ ಎಂದು ಮೊಬೈಲು ಹಿಡಿದು ಕೇಳಿದಾಗ, "ಪ್ರೀತೀನೂ ಇಲ್ಲ ಮಣ್ಣೂ ಇಲ್ಲ ಕಣ್ಣಮ್ಮ. ಆ ಮೆಷಿನ್ ಸದ್ದಲ್ಲಿ ಯಾರ ಮನೇಲಿ ಯಾರು ಅಳ್ತಾ ಇದ್ದಾರೆ ಅಂತ ಕೇಳಲ್ಲ," ಎಂದಿದ್ದರು. ಹುಡುಗಿ ನಕ್ಕು ಹೋದಳು.

ನಾನು ಕೊಳ್ಳೇಗಾಲದಿಂದ ಇಲ್ಲಿಗೆ ಸೊಸೆಯಾಗಿ ಬಂದವಳು. ನನ್ನ ಗಂಡ ಕೊಯಮತ್ತೂರಿನ ಗಣಪತಿ ಬಡಾವಣೆಯಲ್ಲಿ ಪಂಪಿನ ವರ್ಕ್‌ಶಾಪಿಗೆ ಹೋಗುತ್ತಾರೆ. ಈ ಬೀದಿಯವರೆಲ್ಲ ತಲೆತಲಾಂತರದಿಂದ ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ನಾನು ಬಂದ ಹೊಸದರಲ್ಲಿ ಶಾಲೆಯಲ್ಲಿ ಕಲಿತಂತೆ ಮಾತಾಡುತ್ತಿದ್ದೆ. ದೊಡ್ಡಮ್ಮ ಜಗಲಿಯ ಮೇಲೆ ಕೂತು ಎಲೆಯಡಿಕೆ ಮಡಿಸುತ್ತ, "ಏ ಕೊಳ್ಳೇಗಾಲ, ನಿನ್ನ ಕನ್ನಡಕ್ಕೆ ಇಸ್ತ್ರಿ ಹಾಕ್ಕೊಂಡು ಬಂದಿದ್ದೀಯಾ? ಸುಕ್ಕೇ ಇಲ್ವಲ್ಲೇ!" ಎಂದು ಬೀದಿಯೆಲ್ಲ ಕೇಳುವಂತೆ ಹೇಳುತ್ತಿದ್ದರು. ಮುದ್ದು ಮಾಡಬೇಕಾದರೆ ಅವರಿಗೆ ತಮಿಳು ಬೇಕು, ಬೈಯಬೇಕಾದರೆ ಕನ್ನಡವೇ ಆಗಬೇಕು. ನನ್ನೊಡನೆ ಬಹಳ ಕನ್ನಡ ಆಡಿದರು.

ಇನ್ನು ಕೋಟೆ ಸುತ್ತಿನ ವಿಚಾರ. ಕೋಟೆ ಅಂದರೆ ದೊಡ್ಡ ಕಲ್ಪನೆ ಬೇಡ. ಯಾರೋ ಸಣ್ಣ ಪಾಳೆಯಗಾರ ಕಟ್ಟಿದ್ದು. ಬಾಗಿಲಿನ ಕಲ್ಲುಕಂಬ ಎರಡು, ಅದರ ಆಚೀಚೆ ಆಳೆತ್ತರದ ಗೋಡೆಯ ಚೂರು ಉಳಿದಿದೆ, ಮಿಕ್ಕಿದ್ದು ಸೀಮೆಜಾಲಿ ಮತ್ತು ನವಿಲು. ಬಾಗಿಲೊಳಗೆ ನಾಲ್ಕು ಹೆಜ್ಜೆಗೆ ಬೀದಿಯ ದೇವಿ ಅಮ್ಮನ ಗುಡಿ, ಗುಡಿಯ ಹಿಂದಿನಿಂದ ನಮ್ಮ ಬೀದಿ. ಯುಗಾದಿಯ ಹಿಂದಿನ ಅಮಾವಾಸ್ಯೆ ಬೆಳಿಗ್ಗೆ ಮುಖಕ್ಕೆಲ್ಲ ಅರಿಶಿನ ಬಳಿದುಕೊಂಡು, ಬರಿಗಾಲಲ್ಲಿ, ಹೆಂಗಸರು ಮಾತ್ರ ಈ ಬಾಗಿಲಿನಿಂದ ಹೊರಡಬೇಕು. ಮುತ್ತೈದೆ, ವಿಧವೆ ಎಂಬ ಭೇದ ಆ ದಿನ ಇಲ್ಲ. ಒಣಗಿದ ಕೆರೆಯ ಏರಿ ಹತ್ತಿ, ತಾಳೆಮರಗಳ ಸಾಲು ಹಿಡಿದು, ಕರಿಬೇವಿನ ತೋಟದ ನಡುವಿನ ಹಳೇ ಬಾವಿಗೆ ಹೋಗಬೇಕು. ಅಲ್ಲಿ ನೀರು ತುಂಬಿಕೊಂಡು, ಅನ್ನೂರಿನ ಟಾರು ರಸ್ತೆ ದಾಟಿ, ಆನೆಲಾಯದ ದಿಬ್ಬ ಬಳಸಿ, ಮತ್ತೆ ಇದೇ ಬಾಗಿಲಿಗೆ. ಮುಂದೆ ತಂಬಿಗೆ ಹಿಡಿದವಳು ಒಬ್ಬಳು, ಅವಳ ಹಿಂದೆ ಉಳಿದವರು. ಆ ತಂಬಿಗೆಯ ನೀರು ಗುಡಿ ಸೇರುವ ತನಕ ಬೀದಿಯಲ್ಲಿ ಒಂದು ಮಗ್ಗವೂ ಆಡಕೂಡದು.

ಗಂಡಸರಿಗೂ ಒಂದು ಕೆಲಸ ಉಂಟು. ನಾವು ಹಿಂದಿರುಗುವಾಗ ಅವರೆಲ್ಲ ಕೋಟೆಬಾಗಿಲ ಎರಡೂ ಪಕ್ಕದಲ್ಲಿ ಗೋಡೆಗೆ ಮುಖ ಮಾಡಿ ನಿಂತಿರಬೇಕು. ನಾವು ಅವರ ಬೆನ್ನ ಹಿಂದೆ ಹಾದು ಗುಡಿಗೆ ಹೋಗಿ, ತಂಬಿಗೆಯವಳು ಗಂಟೆ ಬಾರಿಸಿದ ಮೇಲೆಯೇ ಅವರು ತಿರುಗಬೇಕು. ತಿರುಗಿ ನೋಡಿದರೆ ಕಣ್ಣು ಹೋಗುತ್ತದಂತೆ. ಅಮ್ಮ ಆಗ ಹೆಂಗಸರ ಮೈಮೇಲೆ ಇರುತ್ತಾಳಂತೆ.

ಕಥೆ ಏನೆಂದರೆ, ಪಾಳೆಯಗಾರ ನಮ್ಮ ನೇಕಾರರ ಹುಡುಗಿಯೊಬ್ಬಳನ್ನು ಕೇಳಿದ. ಜಾತಿ ಕೆಡುತ್ತದೆಂದು ಅವಳು ತಾನಾಗಿಯೇ ಆ ಬಾವಿಗೆ ಹಾರಿ ಕುಲದ ಮಾನ ಉಳಿಸಿದಳು, ದೇವಿಯಾದಳು. ಇದು ಗಂಡಸರು ಮೈಕಿನಲ್ಲಿ ಹೇಳುವ ಕಥೆ.

ನನ್ನ ಮೊದಲ ಸುತ್ತಿನಲ್ಲಿ ತಂಬಿಗೆ ದೊಡ್ಡಮ್ಮನ ಕೈಯಲ್ಲಿತ್ತು. ಬಾವಿಯ ಹತ್ತಿರ ಪ್ರತಿಯೊಬ್ಬಳೂ ಬಗ್ಗಿ ಒಳಗೆ ನೋಡಿ ಅರಿಶಿನದ ನೀರು ಬಿಡಬೇಕು. ನಾನು ಬಗ್ಗುವ ಮೊದಲೇ ಯಾರೋ ನನ್ನ ಮುಂಗೈಯನ್ನು ಗಬಕ್ಕನೆ ಹಿಡಿದರು. ನೋಡಿದರೆ ದೊಡ್ಡಮ್ಮ. ಮಗ್ಗದ ಕೈ, ಕಬ್ಬಿಣ. ಬಳೆ ಒಡೆಯಿತು, ಚರ್ಮದ ಮೇಲೆ ಬೆರಳಿನ ಗುರುತು ಎದ್ದಿತು. ಎಲ್ಲ ಹುಡುಗಿಯರನ್ನೂ ಅವರು ಹಾಗೆಯೇ ಹಿಡಿಯುತ್ತಿದ್ದರು, ಬಗ್ಗಿ ಎದ್ದು ಹಿಂದೆ ಸರಿಯುವ ತನಕ ಬಿಡುತ್ತಿರಲಿಲ್ಲ.

"ನೋವಾಗುತ್ತದೆ ದೊಡ್ಡಮ್ಮ," ಎಂದೆ.

"ಆಗ್ಲಿ. ಅವತ್ತು ಯಾರಾದ್ರೂ ಹಿಡಿದಿದ್ರೆ ಆ ಕೂಸಿಗೂ ಕೈ ಮಾತ್ರ ನೋಯ್ತಿತ್ತು."

"ಅವಳೇ ಹಾರಿದಳಲ್ಲವೇ?"

ಅವರು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. "ಇಷ್ಟು ಓದಿದ್ದೀಯಲ್ಲ, ಯೋಚನೆ ಮಾಡು. ಈ ಸುತ್ತು ಯಾರು ನಡೆದ ದಾರಿ? ಅವಳು ನಡೆದ ದಾರಿ ಅಂತಾರೆ. ಸರಿ, ಕೋಟೆಯಿಂದ ಬಾವಿ ತಂಕ ಅವಳು ನಡದಳು. ಬಾವೀಲಿ ಬಿದ್ದವಳು ಮತ್ತೆ ಕೋಟೆಗೆ ಹೆಂಗೆ ನಡ್ಕೊಂಡು ಬಂದಳು? ಈ ವಾಪಸ್ ದಾರಿ ಇದೆಯಲ್ಲ, ಇದು ಯಾರದು ಹೇಳು."

ನಾನು ತೋಟದಾಚೆಯ ಟಾರು ರಸ್ತೆಯ ಕಡೆಗೆ ನೋಡಿದೆ.

"ಅವಳನ್ನ ಕರ್ಕೊಂಡು ಬಂದವರದು. ಅಪ್ಪಂದು, ಚಿಕ್ಕಪ್ಪಂದು, ಅಣ್ಣಂದು. ತಳ್ಳಿದ್ರು, ತಳ್ಳಿಬಿಟ್ಟು ಈ ದಾರಿ ಹಿಡಿದು ಮನೆಗೆ ಹೋದ್ರು. ಮುಖ ತೋರ್ಸಕ್ಕೆ ಆಗ್ದೆ ಗೋಡೆ ನೋಡ್ಕೊಂಡು ನಿಂತ್ರು. ಕಣ್ಣು ಹೋಗುತ್ತಂತೆ, ಕಣ್ಣು! ನಾಚ್ಕೆ ಕಣೇ ಅದು. ಇವರ ಮುತ್ತಾತಂದಿರಿಗೆ ಅದಾದ್ರೂ ಇತ್ತು."

ಬಾವಿ ದಾಟಿದ ಮೇಲೆ ಅವರು ಯಾರೊಡನೆಯೂ ಮಾತಾಡಲಿಲ್ಲ. ಪ್ರತಿವರ್ಷವೂ ಹಾಗೆಯೇ. ಹೋಗುವಾಗ ಒಬ್ಬೊಬ್ಬರನ್ನು ಛೇಡಿಸುತ್ತ, ತಾಳೆಮರದ ಕೆಳಗೆ ಕೂತು ಕಡಲೆಬೀಜ ತಿನ್ನುತ್ತ ಹೋಗುವ ಹೆಂಗಸು, ಬರುವಾಗ ಹಲ್ಲು ಕಚ್ಚಿಕೊಂಡು ಬರುತ್ತಿದ್ದರು. ಗುಡಿ ಸೇರಿದ ಮೇಲಾದರೂ ಗಂಟೆಗೆ ಅವಸರ ಇಲ್ಲ. ತಂಬಿಗೆ ಇಳಿಸಿ, ಕಾಲು ತೊಳೆದು, ಒಂದು ಲೋಟ ನೀರು ಕುಡಿದು, ಎಲೆಗೆ ಸುಣ್ಣ ಹಚ್ಚಿ ಬಾಯಿಗೆ ಹಾಕಿಕೊಳ್ಳುವರು. ಆಚೆ ಪಂಗುನಿ ತಿಂಗಳ ಬಿಸಿಲಿನಲ್ಲಿ ಗಂಡಸರು ಗೋಡೆಗೆ ಮೂಗು ಒತ್ತಿ ಬೇಯುತ್ತಿರುವರು. ಪಾಪ, ಬಾರಿಸಿಬಿಡಿ ದೊಡ್ಡಮ್ಮ ಎಂದು ಹೊಸ ಸೊಸೆಯರು ಹೇಳಿದರೆ, "ಇರ್ಲಿ ಬಿಡೇ. ಗಂಡಸರು ಒಂದು ಗಳಿಗೆ ವೆಯಿಲಲ್ಲಿ ನಿಂತ್ರೆ ಕರಗಿ ಹೋಗಲ್ಲ," ಎನ್ನುವರು. ಅವರು ನಿಜವಾಗಿ ನಗುತ್ತಿದ್ದುದು ಆಗ. ಫ್ಲೆಕ್ಸಿನವನಿಗೆ ಆ ನಗು ಬರೆಯಲು ಬರುತ್ತಿರಲಿಲ್ಲ.

ಇನ್ನು ಒಬ್ಬ ಹುಡುಗಿಯ ವಿಚಾರ. ಬೀದಿಯ ಕೊನೆಯ ಮನೆ, ಬೀದಿಗೆಲ್ಲ ದೊಡ್ಡ ಮಗ್ಗದ ಶೆಡ್ಡು ಇರುವವರ ಮಗಳು. ಮೆಟ್ಟುಪಾಳ್ಯಂಗೆ ಕಾಲೇಜಿಗೆ ಹೋಗುತ್ತಿದ್ದಳು. ಕರಿಬೇವಿನ ಮೂಟೆ ಸಾಗಿಸುವ ವ್ಯಾನಿನ ಹುಡುಗನೊಬ್ಬನನ್ನು ಇಷ್ಟಪಟ್ಟಳು. ಅವನು ಬೇರೆ ಜಾತಿ. ತಿಳಿದ ದಿನವೇ ಅಪ್ಪ ಫೋನು ಕಿತ್ತುಕೊಂಡು, ಕಾಲೇಜು ಬಿಡಿಸಿ, ಕೋಣೆಯಲ್ಲಿ ಕೂಡಿಹಾಕಿದ. ಯುಗಾದಿ ಕಳೆದ ಮೇಲೆ ಮದುವೆ ಎಂದು ಸೇಲಂನ ಕಡೆಯ ಯಾರನ್ನೋ ಗೊತ್ತುಮಾಡಿದ. ಹುಡುಗಿ ಒಪ್ಪಲಿಲ್ಲ. ಹೊಡೆದರೂ ಒಪ್ಪಲಿಲ್ಲ. ಆಗ ಅವಳ ಚಿಕ್ಕಪ್ಪ ನಮ್ಮ ಪಕ್ಕದ ಮನೆಯ ಜಗಲಿಯಲ್ಲಿ ನಾಲ್ಕು ಜನರ ಮುಂದೆ ಹೇಳಿದ, "ಒಪ್ಪದಿದ್ರೆ ಏನು? ಬಾವಿ ಇನ್ನೂ ಅಲ್ಲೇ ಇದೆ."

ಆ ನಾಲ್ಕು ಜನ ನಕ್ಕರು. ಅದು ತಮಾಷೆಯೆಂದು ಆಮೇಲೆ ಎಲ್ಲರೂ ನನಗೆ ತಿಳಿಸಿ ಹೇಳಿದರು. ನಮ್ಮ ಸೀಮೆಯಲ್ಲಿ ಇಂಥ ತಮಾಷೆಗಳು ಎಲ್ಲಿಗೆ ಮುಟ್ಟುತ್ತವೆ ಎಂಬುದು ಪೇಪರು ಓದುವವರಿಗೆಲ್ಲ ಗೊತ್ತು. ದೊಡ್ಡಮ್ಮನಿಗೆ ಪೇಪರು ಬೇಕಿರಲಿಲ್ಲ. ಎದುರಿಗೇ ಮಗ್ಗದಲ್ಲಿ ಕೂತಿದ್ದರು, ಲಾಳಿ ನಿಂತಿತು. ಆ ದಿನ ಮತ್ತೆ ಮಗ್ಗದ ಸದ್ದು ಕೇಳಲಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ಅವರು ತಂಬಿಗೆ ಹಿಡಿದು ನೇರವಾಗಿ ಆ ಮನೆಯ ಮುಂದೆ ನಿಂತರು. "ಮದುವೆ ಗೊತ್ತಾಗಿರೋ ಹುಡುಗಿ ಸುತ್ತು ನಡೀದೆ ಹೋದ್ರೆ ಅಮ್ಮ ಸುಮ್ನೆ ಬಿಡ್ತಾಳಾ? ಕಳ್ಸುಂಗ," ಎಂದರು. ಅಪ್ಪ ಹೊರಗೆ ಬಂದ. ಸಂಪ್ರದಾಯದ ಮಾತಿಗೆ ಇಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಅವಳ ಅಮ್ಮನೂ ಜೊತೆಗೆ ಹೋಗುವುದಾದರೆ ಸರಿ ಎಂದ.

ಬಾವಿಯ ಹತ್ತಿರ ದೊಡ್ಡಮ್ಮ ಆ ಹುಡುಗಿಯ ಕೈ ಹಿಡಿದರು. ಅವಳು ಬಗ್ಗಿದಳು, ಎದ್ದಳು. ದೊಡ್ಡಮ್ಮ ಮಾತ್ರ ಕೈ ಬಿಡಲಿಲ್ಲ. ಹಾಗೆಯೇ ಹಿಡಿದುಕೊಂಡು ತೋಟ ದಾಟಿ ಟಾರು ರಸ್ತೆಗೆ ಬಂದರು. ಅನ್ನೂರಿನ ಬಸ್ಸು ಬರುತ್ತಿತ್ತು. ತಂಬಿಗೆಯ ಕೈಯನ್ನೇ ಅಡ್ಡ ಚಾಚಿ ನಿಲ್ಲಿಸಿದರು. "ಹತ್ತು. ಅನ್ನೂರಲ್ಲಿ ಇಳಿ, ತಿರುಪ್ಪೂರು ಬಸ್ಸು ಹಿಡಿ. ಅಲ್ಲಿ ನನ್ನ ತಂಗಿ ಮಗಳು ಬನಿಯನ್ ಕಂಪನೀಲಿದ್ದಾಳೆ, ಸ್ಟ್ಯಾಂಡಿಗೆ ಬರ್ತಾಳೆ," ಎಂದರು. ಹುಡುಗಿ ಅಮ್ಮನನ್ನು ನೋಡಿದಳು. ಅಮ್ಮ ಬಾಯಿಗೆ ಸೆರಗು ತುರುಕಿಕೊಂಡು, ಮಗಳ ಬೆನ್ನಿಗೆ ಕೈಯಿಟ್ಟು ಮೆಟ್ಟಿಲ ಕಡೆಗೆ ನೂಕಿದಳು. ಬಸ್ಸು ಹೋಯಿತು. ನಾವೆಲ್ಲ ದಿಬ್ಬ ಬಳಸಿ ಕೋಟೆಗೆ ಬಂದೆವು.

ಕೋಟೆಬಾಗಿಲಲ್ಲಿ ಅಪ್ಪ, ಚಿಕ್ಕಪ್ಪ, ಆ ನಾಲ್ಕು ಜನ, ಎಲ್ಲರೂ ಗೋಡೆಗೆ ಮುಖ ಮಾಡಿ ಭಕ್ತಿಯಿಂದ ನಿಂತಿದ್ದರು. ಕಣ್ಣು ಹೋದೀತೆಂಬ ಹೆದರಿಕೆಯಲ್ಲಿ ಒಬ್ಬನೂ ತಿರುಗಲಿಲ್ಲ. ದೊಡ್ಡಮ್ಮ ಅವತ್ತು ಎರಡು ಸಲ ಎಲೆ ಹಾಕಿಕೊಂಡರು. ಗಂಟೆ ಕೇಳುವ ಹೊತ್ತಿಗೆ ಬಸ್ಸು ಅನ್ನೂರು ಮುಟ್ಟಿರಬೇಕು.

ಮಗಳೆಲ್ಲಿ ಎಂದು ಅಪ್ಪ ಕೂಗಾಡಿದಾಗ ಹೆಂಗಸರೆಲ್ಲ ನೆಲ ನೋಡಿದರು. ದೊಡ್ಡಮ್ಮ ನೋಡಲಿಲ್ಲ. "ನಾನೇ ಕಳ್ಸಿದೆ. ನಿಮ್ಮ ಬೆನ್ನ ಹಿಂದೇನೇ ಅವಳಿಲ್ದೆ ಬಂದ್ವಿ, ನೀವು ಗೋಡೆ ನೋಡ್ತಿದ್ರಿ," ಎಂದರು. ಅವನು ಕೈಯೆತ್ತಿದ. ತಂಬಿಗೆಯ ಹೆಂಗಸಿನ ಮೇಲೆ ಕೈ ಮಾಡಬಾರದೆಂದು ಯಾರೋ ಹಿಡಿದುಕೊಂಡರು. ಹುಡುಗ ಹುಡುಗಿ ಇಬ್ಬರೂ ತಿರುಪ್ಪೂರಿನಲ್ಲಿ ಮದುವೆಯಾಗಿ ಪೊಲೀಸು ಸ್ಟೇಷನ್ನಿನಲ್ಲಿ ಬರೆಸಿಕೊಟ್ಟ ಮೇಲೆ ಅಪ್ಪ ಮಗಳ ಹೆಸರಿಗೆ ನೀರು ಬಿಟ್ಟ. ಹೆಂಡತಿ ಅವಳೊಡನೆ ಫೋನಿನಲ್ಲಿ ಮಾತಾಡಿದರೂ ಮನೆ ಬಿಡಬೇಕೆಂದ.

ದೊಡ್ಡಮ್ಮನನ್ನು ಬೀದಿ ದೂರವಿಟ್ಟಿತು. ನೂಲು ಕೊಡುವವನು ನಿಲ್ಲಿಸಿದ, ಮಗ್ಗ ನಿಂತಿತು. ಕಮಿಟಿಯವರು ಮನೆಮನೆಗೆ ಹೋಗಿ ಯಾರೂ ಅವರೊಡನೆ ಬಳಕೆ ಇಡಕೂಡದೆಂದರು. ನಮ್ಮ ಮನೆಗೂ ಬಂದರು. ನಾನು ಅವರೆದುರೇ ಹುರುಳಿ ಸಾರಿನ ಪಾತ್ರೆ ಹಿಡಿದು ಬೀದಿ ದಾಟಿದೆ. ನನ್ನ ಗಂಡ ಎರಡು ವಾರ ನನ್ನೊಡನೆ ಮುಖ ಗಂಟುಹಾಕಿಕೊಂಡಿದ್ದರು, ಆಮೇಲೆ ಅವರೇ ಸಾರು ಕೊಟ್ಟೆಯಾ ಎಂದು ಕೇಳತೊಡಗಿದರು. ಇಷ್ಟೆಲ್ಲ ಮಾಡಿದವರು ಮರುವರ್ಷದ ಅಮಾವಾಸ್ಯೆಗೆ ಮತ್ತೆ ಅದೇ ಜಗಲಿಯ ಮುಂದೆ ಕೈಕಟ್ಟಿ ನಿಂತರು! ಯಾಕೆಂದರೆ ತಂಬಿಗೆ ಹಿಡಿದವಳು ತಾನಾಗಿ ಇನ್ನೊಬ್ಬಳಿಗೆ ಕೊಡುವ ತನಕ ಬೇರೆಯವರು ಮುಟ್ಟುವಂತಿಲ್ಲ. ನೀರು ಬರದೆ ಮಗ್ಗ ಓಡುವಂತಿಲ್ಲ. ವರ್ಷಕ್ಕೊಂದು ದಿನ ಅವರು ತಾಯಿ, ಮಾರನೆಯ ದಿನದಿಂದ ಮತ್ತೆ ಪಾಪಿ. ಅವರು ಪ್ರತಿವರ್ಷವೂ ನಡೆದರು, ಪ್ರತಿ ಹುಡುಗಿಯ ಕೈಯನ್ನೂ ಹಿಡಿದರು.

ಕಳೆದ ಮಾರ್ಗಳಿಯ ಚಳಿಯಲ್ಲಿ ಹಾಸಿಗೆ ಹಿಡಿದಾಗ ತಂಬಿಗೆ ತರಿಸಿ ನನ್ನ ಮಡಿಲಿಗೆ ಇಟ್ಟರು.

"ನಾನು ಹೊರಗಿನವಳು ದೊಡ್ಡಮ್ಮ, ಬೀದಿಯವರು ಒಪ್ಪುತ್ತಾರೆಯೇ?"

"ಹೊರಗಿನವಳು ಅಂತಲೇ ಕೊಡೋದು. ಇಲ್ಲಿ ಹುಟ್ಟಿದವಳಿಗೆ ಅಪ್ಪ ಅಣ್ಣ ಅಂತ ಸೊಂತಕ್ಕಾರರು ಜಾಸ್ತಿ, ಒಬ್ಬನಿಗೆ ಅಂಜದಿದ್ರೆ ಇನ್ನೊಬ್ಬನಿಗೆ ಅಂಜಬೇಕು. ಹಿಡ್ಕೋ." ಆಮೇಲೆ ಉಸಿರು ಎಳೆದುಕೊಂಡು, "ಕೈ ಗಟ್ಟಿಯಾಗಿ ಹಿಡಿ. ಬಳೆ ಒಡದ್ರೆ ಒಡೀಲಿ," ಎಂದರು.

ಅವರು ಹೋದರು. ಫ್ಲೆಕ್ಸು ಬಂತು. ಅದಕ್ಕೆ ಎಲ್ಲರಿಗಿಂತ ಮೊದಲು ಹಣ ಕೊಟ್ಟವನು ಆ ಹುಡುಗಿಯ ಅಪ್ಪ. ಕೋಟೆಬಾಗಿಲಿಗೆ ಸಿಮೆಂಟಿನ ಕಮಾನು ಕಟ್ಟಿಸಿ ತನ್ನ ಹೆಸರು ಕೆತ್ತಿಸಿದವನೂ ಅವನೇ. ಕಮಿಟಿ ಸೇರಿ, ಈ ವರ್ಷದಿಂದ ಗಂಡಸರು ಗೋಡೆಗೆ ಮುಖ ಮಾಡುವುದು ಬೇಡ, ಅದು ಮೂಢನಂಬಿಕೆ, ಎದುರಿಗೆ ನಿಂತು ಹೂ ಹಾಕಿ ಬರಮಾಡಿಕೊಳ್ಳೋಣ, ವಿಡಿಯೋ ಮಾಡಿಸೋಣ ಎಂದು ತೀರ್ಮಾನಿಸಿತು. ಮೂಢನಂಬಿಕೆಯಂತೆ! ಬೆಕ್ಕು ಅಡ್ಡ ಬಂದರೆ ಬೈಕು ನಿಲ್ಲಿಸುವವರು, ರಾಹುಕಾಲ ನೋಡದೆ ಮಗ್ಗಕ್ಕೆ ಹಾಸುನೂಲು ಏರಿಸದವರು ಹೇಳುವ ಮಾತು. ಹೆಂಗಸರು ಹೋದಷ್ಟೇ ಜನ ಬಂದರೋ ಇಲ್ಲವೋ ಎಂದು ಇವರಿಗೆ ಎಣಿಸಿ ನೋಡಬೇಕಾಗಿದೆ, ಅಷ್ಟೇ. ವರ್ಷದಲ್ಲಿ ಒಂದು ಗಳಿಗೆ ಇವರ ಕಣ್ಣು ನಮ್ಮ ಮೇಲೆ ಇರುತ್ತಿರಲಿಲ್ಲ, ಅದನ್ನೂ ಕಿತ್ತುಕೊಂಡರು.

ಇಲ್ಲಿಂದ ಮುಂದಿನದನ್ನು ಬರೆಯಲು ನನಗೆ ಹೆದರಿಕೆಯಿಲ್ಲ. ನಮ್ಮ ಬೀದಿಯಲ್ಲಿ ಕನ್ನಡ ಓದಲು ಬರುವವಳು ನಾನೊಬ್ಬಳೇ.

ಈ ಸಲ ಬಾವಿಯಲ್ಲಿ ಒಬ್ಬೊಬ್ಬಳ ಕೈಯನ್ನೂ ಹಿಡಿದೆ. ನೀರು ತುಂಬಿಕೊಂಡು ಟಾರು ರಸ್ತೆಗೆ ಬಂದಾಗ ಬಸ್ ಸ್ಟಾಪಿನ ನೆರಳಿನಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಬರಿಗಾಲು, ಮುಖಕ್ಕೆ ಅರಿಶಿನ. ಹತ್ತಿರ ಬಂದ ಮೇಲೆ ಗುರುತು ಸಿಕ್ಕಿತು, ಅಂದು ಬಸ್ಸು ಹತ್ತಿ ಹೋದ ಹುಡುಗಿ.

"ದೊಡ್ಡಮ್ಮ ಹೋದದ್ದು ಈಗ ತಿಳೀತು ಅಕ್ಕ," ಎಂದಳು. "ಅಮ್ಮಂಗೆ ಒಂದು ಕಡೆ ಕೈಕಾಲು ಬಿದ್ದೋಯ್ತಂತೆ, ಹೌದಾ? ಒಂದು ಸಲ ನೋಡ್ಬೇಕು. ಬಂದು ಹೊರಟುಬಿಡ್ತೀನಿ."

ಅವಳ ಅಮ್ಮ ಈಗ ನಡೆಯುವ ಸ್ಥಿತಿಯಲ್ಲಿಲ್ಲ. ಅಮಾವಾಸ್ಯೆಯ ದಿನ ಮಾತ್ರ ಅಕ್ಕಪಕ್ಕದವರು ಕುರ್ಚಿಯಲ್ಲಿ ಎತ್ತಿ ತಂದು ಗುಡಿಯಲ್ಲಿ ಕೂರಿಸುತ್ತಾರೆ. ನಾನು ಹಿಂದೆ ತಿರುಗಿ ಹೆಂಗಸರ ಮುಖ ನೋಡಿದೆ. ಅವರಲ್ಲಿ ಒಬ್ಬಳು ಮುಂದೆ ಬಂದು ಆ ಹುಡುಗಿಯ ತಲೆಯ ಮೇಲೆ ಸೆರಗು ಎಳೆದು ತನ್ನ ಪಕ್ಕಕ್ಕೆ ಸೇರಿಸಿಕೊಂಡಳು.

ಕೋಟೆಬಾಗಿಲಲ್ಲಿ ಗಂಡಸರು ಎದುರಿಗೇ ನಿಂತಿದ್ದರು. ಹೂವಿನ ತಟ್ಟೆ, ಮೈಕು, ಕ್ಯಾಮೆರಾ. ನಡುವೆ ಆ ಅಪ್ಪ, ಬಿಳೀ ಪಂಚೆ. ನಾನು ಸ್ವಲ್ಪ ದೂರದಲ್ಲೇ ನಿಂತು, ತಂಬಿಗೆಯನ್ನು ಮಡಿಲಲ್ಲಿಟ್ಟುಕೊಂಡು ದಾರಿಯ ಮಧ್ಯೆ ಕೂತುಬಿಟ್ಟೆ. ಹೆಂಗಸರೆಲ್ಲ ನನ್ನ ಹಿಂದೆ ಕೂತರು.

"ಏನಮ್ಮಾ ಇದು? ಎದ್ದು ಬನ್ನಿ," ಎಂದ ಅವನು.

"ತಿರುಗಿ ಅಣ್ಣ. ಗೋಡೆಗೆ ತಿರುಗಿ."

"ಅದೆಲ್ಲ ಬೇಡಾಂತ ಕಮಿಟೀಲಿ ಮಾತಾಡಿ ಆಗಿದೆ. ಊರು ಕೂಡಿ ಮಾತಾಡಿದ್ದು."

"ಊರಲ್ಲಿ ನಮ್ಮನ್ನು ಕೇಳಿದ್ದು ಯಾರು? ನೀರು ನನ್ನ ಕೈಯಲ್ಲಿದೆ. ನೀವು ತಿರುಗದಿದ್ದರೆ ನಾನು ಏಳುವುದಿಲ್ಲ. ನಾಳೆ ಯುಗಾದಿ. ಮಗ್ಗ ನಿಂತಿರಲಿ."

"ಏನಮ್ಮಾ, ನಿನಗೂ ಆ ಮುದುಕಿ ಬುದ್ಧಿ ಬಂತಾ?"

"ಬಂತು," ಎಂದೆ. "ಫ್ಲೆಕ್ಸಿನಲ್ಲಿ ನೀವೇ ಹಾಕಿಸಿದ್ದೀರಲ್ಲ, ಸಂಪ್ರದಾಯ ಕಾಪಾಡಿದ ತಾಯಿ ಎಂದು. ಅದನ್ನೇ ಕಾಪಾಡುತ್ತಿದ್ದೇನೆ."

ಬಿಸಿಲು ಏರಿತು. ಮುದುಕರಿಬ್ಬರು ಗೊಣಗಿದರು, ನೀರು ಗುಡಿ ಸೇರದೆ ಹೊತ್ತು ಮೀರಿದರೆ ಬೀದಿಗೆ ಕೇಡು ಎಂದರು. ಎಲ್ಲರಿಗಿಂತ ಮೊದಲು ನನ್ನ ಗಂಡ ತಿರುಗಿದರು. ಆಮೇಲೆ ಮುದುಕರು. ಕ್ಯಾಮೆರಾದವನನ್ನು ಯಾರೋ ಭುಜ ಹಿಡಿದು ತಿರುಗಿಸಿದರು. ಕೊನೆಗೆ ಆ ಅಪ್ಪ ಹಲ್ಲು ಕಡಿಯುತ್ತ ತನ್ನ ಹೆಸರು ಕೆತ್ತಿದ ಕಮಾನಿನ ಪಕ್ಕದ ಗೋಡೆಗೆ ಮುಖ ಮಾಡಿ ನಿಂತ.

ನಾವು ಎದ್ದು ಅವರ ಬೆನ್ನ ಹಿಂದೆ ನಡೆದೆವು. ಹುಡುಗಿ ಅಪ್ಪನ ಬೆನ್ನಿಗೆ ಒಂದು ಮೊಳ ದೂರದಲ್ಲಿ ಹಾದು ಹೋದಳು. ಅವಳು ಅವನ ಕಡೆ ನೋಡಲೂ ಇಲ್ಲ.

ಗುಡಿಯಲ್ಲಿ ಹುಡುಗಿಯ ಅಮ್ಮ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಒಂದು ಪಕ್ಕಕ್ಕೆ ವಾಲಿ ಕೂತಿದ್ದಳು. ಹುಡುಗಿ ಅವಳ ಕಾಲ ಬಳಿ ಕುಕ್ಕರಿಸಿ ಸೆರಗು ಸರಿಸಿದಳು. ಅಮ್ಮನಿಗೆ ಮಾತು ಸರಿಯಾಗಿ ಹೊರಡುವುದಿಲ್ಲ. ಆಡುವ ಒಂದು ಕೈಯಿಂದ ಮಗಳ ಕೆನ್ನೆಯ ಅರಿಶಿನವನ್ನು ಒರೆಸಿ ಒರೆಸಿ ಮುಖ ನೋಡುತ್ತಿದ್ದಳು. ಮಗಳು ಫೋನು ತೆಗೆದು ತನ್ನ ಮಗುವಿನ ಫೋಟೋ ತೋರಿಸಿದಳು. ಅಮ್ಮ ಆ ಫೋನನ್ನು ಎದೆಗೆ ಒತ್ತಿಕೊಂಡು ಬಿಡಲೇ ಇಲ್ಲ.

ಬಾಗಿಲ ಕಡೆಯಿಂದ ಅಪ್ಪನ ಕೂಗು ಬಂತು, "ಎಷ್ಟು ಹೊತ್ತು ಅಮ್ಮಾ? ವೆಯಿಲು! ಗಂಟೆ ಹೊಡೀರಿ!"

ನಾನು ಕಾಲು ತೊಳೆದುಕೊಂಡೆ. ಒಂದು ಲೋಟ ನೀರು ಕುಡಿದೆ. ನನಗೆ ಎಲೆಯಡಿಕೆ ಅಭ್ಯಾಸವಿಲ್ಲ, ಆದರೂ ಪಕ್ಕದವಳ ಕೈಯಿಂದ ಒಂದು ಎಲೆ ಇಸಕೊಂಡು ನಿಧಾನವಾಗಿ ಸುಣ್ಣ ಹಚ್ಚಿದೆ. ಗಂಟೆಯ ಹಗ್ಗ ನನ್ನ ಕೈಗೆ ಎಟಕುವಷ್ಟರಲ್ಲೇ ತೂಗುತ್ತಿತ್ತು. ತೂಗುತ್ತಿರಲಿ ಎಂದು ಬಿಟ್ಟೆ.